ನಕ್ಷೆ ಮುಗಿಯುವ ಮೊದಲೇ ಜನರನ್ನು ಕರೆಯಿರಿ: ಬಡಾವಣೆಯ ಪುನಶ್ಚೇತನಕ್ಕೊಂದು ಮಾರ್ಗದರ್ಶಿ

ಹಳೆಯ ಬಡಾವಣೆಯೊಂದನ್ನು ಸುಧಾರಿಸುವ ಯೋಜನೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಸಮೀಕ್ಷೆ ಮುಗಿಯುತ್ತದೆ, ನಕ್ಷೆ ಸಿದ್ಧವಾಗುತ್ತದೆ, ಅಂದಾಜುಪಟ್ಟಿಗೆ ಮಂಜೂರಾತಿ ಸಿಗುತ್ತದೆ. ಆಮೇಲೆ ಯಾರಿಗೋ ಜನಾಭಿಪ್ರಾಯದ ನೆನಪಾಗಿ ಸಭೆ ಕರೆಯುತ್ತಾರೆ. ಪರದೆಯ ಮೇಲೆ ಬಣ್ಣದ ಚಿತ್ರಗಳು ಮೂಡುತ್ತವೆ. ಬಂದು ಕೂತ ನಿವಾಸಿಗೆ ತಾನಿರುವ ಮನೆಯ ಜಾಗದಲ್ಲಿ ವಾಹನ ನಿಲುಗಡೆ ಕಾಣಿಸುತ್ತದೆ. ಗದ್ದಲವೇಳುತ್ತದೆ. ಜನ ಯಾವುದಕ್ಕೂ ಒಪ್ಪುವುದಿಲ್ಲ ಎಂದುಕೊಂಡು ಅಧಿಕಾರಿಗಳು, ಇವರು ನಮ್ಮ ಮಾತು ಕೇಳುವುದೇ ಇಲ್ಲ ಎಂದುಕೊಂಡು ಜನರು ಮನೆಗೆ ಹೋಗುತ್ತಾರೆ.

ಆ ಸಭೆಯನ್ನು ಎಷ್ಟೇ ಚೆನ್ನಾಗಿ ನಡೆಸಿದ್ದರೂ ಅದು ಕೆಡುತ್ತಿತ್ತು, ಏಕೆಂದರೆ ಬದಲಿಸಲು ಏನೂ ಉಳಿದಿರಲಿಲ್ಲ. ಈ ಬರಹ ಯೋಜನೆಯ ಹೊಣೆ ಹೊತ್ತವರಿಗಾಗಿ. ನೀವು ಸ್ಥಳೀಯ ಆಡಳಿತದ ಅಧಿಕಾರಿಯಾಗಿರಬಹುದು, ಸಂಸ್ಥೆಯೊಂದರ ಕಾರ್ಯಕರ್ತರಾಗಿರಬಹುದು, ನಿವಾಸಿಗಳ ಸಂಘದ ಕಾರ್ಯದರ್ಶಿಯೂ ಆಗಿರಬಹುದು. ಜನರ ಮಾತಿನಿಂದ ತೀರ್ಮಾನ ಬದಲಾಗುವ ಸಾಧ್ಯತೆ ಇರುವಾಗಲೇ ಅವರನ್ನು ಕೇಳಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹೆಜ್ಜೆ 1: ಎಷ್ಟು ಅಧಿಕಾರ ಬಿಟ್ಟುಕೊಡುತ್ತೀರಿ ಎಂದು ಮೊದಲು ನೀವೇ ತೀರ್ಮಾನಿಸಿ

ಜನರ ಪಾಲ್ಗೊಳ್ಳುವಿಕೆಯನ್ನು ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ನಡೆಯುವುದು ಜನರನ್ನು ಒಲಿಸಿಕೊಳ್ಳುವ, ತಣ್ಣಗಾಗಿಸುವ ಕೆಲಸ ಮಾತ್ರ. ಅದನ್ನವರು ಪಾಲ್ಗೊಳ್ಳುವಿಕೆ ಎಂದು ಲೆಕ್ಕಕ್ಕೇ ಹಿಡಿಯಲಿಲ್ಲ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಿತಿಯಲ್ಲಿ ಒಂದೆರಡು ಕುರ್ಚಿಯನ್ನೂ ಕೊಡುತ್ತಾರೆ. ತೀರ್ಮಾನ ಮಾತ್ರ ಬೇರೆಯವರದು. ಪಾಲುದಾರಿಕೆ, ವಹಿಸಿಕೊಟ್ಟ ಅಧಿಕಾರ, ನಿವಾಸಿಗಳದ್ದೇ ಹತೋಟಿ ಎಂಬ ಮೇಲಿನ ಮೂರು ಮೆಟ್ಟಿಲುಗಳಲ್ಲಷ್ಟೇ ಅಧಿಕಾರ ನಿಜವಾಗಿ ಕೈ ಬದಲಾಯಿಸುತ್ತದೆ.

ಪ್ರತಿ ಯೋಜನೆಯೂ ತುತ್ತತುದಿಗೆ ಏರಬೇಕೆಂದಿಲ್ಲ. ನೀರಿನ ಕೊಳವೆಯ ವ್ಯಾಸವನ್ನು ಮತಕ್ಕೆ ಹಾಕಲಾಗದು. ಆದರೆ ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂಬುದನ್ನು ಜನರಿಂದ ಮುಚ್ಚಿಡಬೇಡಿ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಈಗಾಗಲೇ ತೀರ್ಮಾನವಾದದ್ದು ಮತ್ತು ಅದಕ್ಕೆ ಕಾರಣ, ಎರಡನೆಯದರಲ್ಲಿ ನಿವಾಸಿಗಳು ತೀರ್ಮಾನಿಸಬಹುದಾದದ್ದು, ಮೂರನೆಯದರಲ್ಲಿ ನಿಮಗೂ ಇನ್ನೂ ಗೊತ್ತಿಲ್ಲದ್ದು. ಎರಡನೆಯ ಅಂಕಣದಲ್ಲಿ ಬೆಂಚಿನ ಬಣ್ಣ, ಫಲಕದ ಅಕ್ಷರದಂಥ ಚಿಲ್ಲರೆ ಸಂಗತಿಗಳಷ್ಟೇ ತುಂಬಿದ್ದರೆ ಸಭೆ ಕರೆಯಬೇಡಿ. ಮೊದಲು ನಿಮ್ಮ ಮೇಲಧಿಕಾರಿಗಳ ಬಳಿ ಹೋಗಿ ಆ ಅಂಕಣವನ್ನು ಹಿಗ್ಗಿಸಿಕೊಂಡು ಬನ್ನಿ. ಕಾಟಾಚಾರದ ಸಭೆಗೆ ಒಮ್ಮೆ ಬಂದು ಹೋದವರನ್ನು ಮತ್ತೆ ಕರೆತರುವುದು ಬಹಳ ಕಷ್ಟ.

ಆ ಹಾಳೆಯನ್ನು ಎಲ್ಲರಿಗೂ ಹಂಚಿ. ‘ನಮಗೂ ಗೊತ್ತಿಲ್ಲ’ ಎಂಬ ಅಂಕಣ ನೋಡಿದಾಗ ಜನರಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೆಜ್ಜೆ 2: ಯಾರಿದ್ದಾರೆ ಎಂದು ತಿಳಿಯಿರಿ, ಯಾರು ಕಾಣುತ್ತಿಲ್ಲ ಎಂದು ಹುಡುಕಿ

ಯಾವುದೇ ಬಡಾವಣೆಯಲ್ಲಿ ಸಭೆಗೆ ತಾವಾಗಿಯೇ ಬರುವವರು ಒಂದು ಬಗೆಯವರು: ಸ್ವಂತ ಮನೆಯಿದ್ದವರು, ಸಂಜೆ ಬಿಡುವಿದ್ದವರು, ಮೈಕ್ ಕಂಡರೆ ಹಿಂಜರಿಯದವರು. ಬಾಡಿಗೆಗಿರುವವರು, ರಾತ್ರಿ ಪಾಳಿಯವರು, ಕೈಕೂಸಿನ ತಾಯಂದಿರು, ಮೆಟ್ಟಿಲಿಳಿಯಲಾಗದ ಹಿರಿಯರು, ಆಡಳಿತದ ಭಾಷೆ ಬಾರದವರು ಮತ್ತು ಮಕ್ಕಳು ತಾವಾಗಿ ಬರುವುದಿಲ್ಲ. ಯೋಜನೆಯ ಪೆಟ್ಟು ಮೊದಲು ಬೀಳುವುದು ಬಹುಮಟ್ಟಿಗೆ ಇವರ ಮೇಲೆಯೇ.

ಹಾಗಾಗಿ ಮನೆಮನೆ ಎಣಿಕೆಯಿಂದ ಶುರುಮಾಡಿ, ಎಣಿಕೆಯನ್ನು ನಿವಾಸಿಗಳೊಂದಿಗೆ ಸೇರಿ ಮಾಡಿ. 1985ರಲ್ಲಿ ಮುಂಬೈಯ ಪಾದಚಾರಿ ಮಾರ್ಗಗಳ ಮೇಲೆ ಬದುಕುತ್ತಿದ್ದವರನ್ನು ತೆರವುಗೊಳಿಸುವ ಮಾತು ಕೇಳಿಬಂದಾಗ, ಬಡವರ ವಸತಿಗಾಗಿ ದುಡಿಯುವ ಸ್ಪಾರ್ಕ್ ಎಂಬ ಸಂಸ್ಥೆ ಸುಮಾರು 6,000 ಕುಟುಂಬಗಳ ಗಣತಿ ನಡೆಸಿತು. ಅಲ್ಲಿಯವರೆಗೆ ಆ ಜನ ಯಾವ ದಾಖಲೆಯಲ್ಲೂ ಸರಿಯಾಗಿ ಇರಲಿಲ್ಲ. ಎಷ್ಟು ವರ್ಷದಿಂದ ಇದ್ದಾರೆ, ಏನು ದುಡಿಯುತ್ತಾರೆ, ಎಲ್ಲಿಂದ ಬಂದರು ಎಂಬುದು ಕಾಗದದ ಮೇಲೆ ಬಂದ ಮೇಲೆ ಅವರು ಆಡಳಿತದೊಂದಿಗೆ ಅಂಕಿಸಂಖ್ಯೆ ಹಿಡಿದು ಮಾತಾಡಬಲ್ಲವರಾದರು. ಬಡವರ ಬಡಾವಣೆಗಳ ಒಕ್ಕೂಟಗಳು ತಮ್ಮ ಎಣಿಕೆಯನ್ನು ತಾವೇ ಮಾಡಿಕೊಳ್ಳುವ ಈ ಕ್ರಮ ಮುಂದೆ ಏಷ್ಯಾ, ಆಫ್ರಿಕಾದ ಹಲವು ದೇಶಗಳಿಗೆ ಹಬ್ಬಿತು. ಅಂಕಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಮಾತಿನ ತೂಕವೂ ನಿಂತಿರುತ್ತದೆ.

ಕಾಣದವರನ್ನು ಹುಡುಕಲು ಕಣ್ಣಾರೆ ನೋಡುವುದೂ ಬೇಕು. 1990ರ ದಶಕದಲ್ಲಿ ವಿಯೆನ್ನಾ ನಗರದ ಉದ್ಯಾನಗಳ ಅಧ್ಯಯನ ನಡೆದಾಗ, ಸುಮಾರು ಒಂಬತ್ತು ವರ್ಷ ದಾಟಿದ ಹುಡುಗಿಯರು ಅಲ್ಲಿಗೆ ಬರುವುದು ಥಟ್ಟನೆ ಕಡಿಮೆಯಾಗುತ್ತಿದ್ದುದು ತಿಳಿಯಿತು. ಒಂದೇ ಒಂದು ದೊಡ್ಡ ಬಯಲಿಗಾಗಿ ಹುಡುಗರೊಂದಿಗೆ ಪೈಪೋಟಿ ಮಾಡಬೇಕಾದಾಗ ಅವರು ಹಿಂದೆ ಸರಿಯುತ್ತಿದ್ದರು. 1999ರಲ್ಲಿ ನಗರಾಡಳಿತ ಎರಡು ಉದ್ಯಾನಗಳನ್ನು ಹೊಸದಾಗಿ ವಿನ್ಯಾಸಗೊಳಿಸಿ, ಬಯಲನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಕಾಲುದಾರಿಗಳನ್ನೂ ವಾಲಿಬಾಲ್, ಬ್ಯಾಡ್ಮಿಂಟನ್ ಅಂಗಳಗಳನ್ನೂ ಸೇರಿಸಿತು. ಹುಡುಗಿಯರು ಮತ್ತೆ ಬಂದರು. ಸಭೆಯಲ್ಲಿ ಕೇಳಿದ್ದರೆ ಈ ದೂರು ಯಾರ ಬಾಯಿಂದಲೂ ಬರುತ್ತಿರಲಿಲ್ಲವೇನೋ. ಬರುವುದನ್ನೇ ಬಿಟ್ಟವರು ದೂರು ಹೇಳಲು ಮಾತ್ರ ಏಕೆ ಬರುತ್ತಾರೆ?

ಹೆಜ್ಜೆ 3: ಸಭೆಗಿಂತ ಮೊದಲು ಓಡಾಟ

ನಾಲ್ಕಾರು ನಿವಾಸಿಗಳ ಜೊತೆ ಬಡಾವಣೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ. ದಾರಿ ಅವರು ತೋರಿಸಲಿ, ನೀವು ಹಿಂದೆ ನಡೆಯಿರಿ. ಬೆಳಿಗ್ಗೆ ಶಾಲೆಯ ಹೊತ್ತಿಗೊಮ್ಮೆ, ಕತ್ತಲಾದ ಮೇಲೊಮ್ಮೆ, ಮಳೆ ಬಂದು ನಿಂತ ಮೇಲೊಮ್ಮೆ ಹೋಗಿ. ಗಾಲಿಕುರ್ಚಿ ಬಳಸುವವರೊಬ್ಬರು, ಶಾಲೆಗೆ ಹೋಗುವ ಹುಡುಗಿಯೊಬ್ಬಳು, ಕಸ ಒಯ್ಯುವವರೊಬ್ಬರು ಜೊತೆಗಿದ್ದರೆ ಒಂದೇ ರಸ್ತೆ ಮೂರು ರಸ್ತೆಯಾಗಿ ಕಾಣುತ್ತದೆ.

ಕೊರತೆಗಳನ್ನಷ್ಟೇ ಪಟ್ಟಿ ಮಾಡಬೇಡಿ. ಯಾವ ಮರದ ಕೆಳಗೆ ಜನ ಕೂರುತ್ತಾರೆ, ಯಾರ ಅಂಗಡಿಯ ಮುಂದೆ ಸುದ್ದಿ ಹರಿದಾಡುತ್ತದೆ, ಮಕ್ಕಳನ್ನು ಯಾರು ಯಾರ ಬಳಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ ಎಂಬುದೆಲ್ಲ ನಕ್ಷೆಯ ಮೇಲೆ ಬರಬೇಕು. 1950ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ವೆಸ್ಟ್ ಎಂಡ್ ಬಡಾವಣೆಯನ್ನು ಕೊಳೆಗೇರಿ ಎಂದು ಘೋಷಿಸಿ ನೆಲಸಮ ಮಾಡಿದರು. ಸಾವಿರಾರು ಕುಟುಂಬಗಳು ಚದುರಿಹೋದವು. ಅಲ್ಲಿದ್ದವರಿಗೆ ಅದು ಬಂಧುಬಳಗವಿದ್ದ, ಒಬ್ಬರಿಗೊಬ್ಬರು ಆಗಿಬರುತ್ತಿದ್ದ ಊರಾಗಿತ್ತು. ಆ ನಂಟುಗಳು ಕಟ್ಟಡದ ಸಮೀಕ್ಷೆಯ ಯಾವ ನಮೂನೆಯಲ್ಲೂ ದಾಖಲಾಗಿರಲಿಲ್ಲ. ಅಲ್ಲಿಂದ ಹೊರಬಿದ್ದವರಲ್ಲಿ ಬಹಳ ಮಂದಿ ಸತ್ತವರಿಗಾಗಿ ಅತ್ತಂತೆ ಆ ಬಡಾವಣೆಗಾಗಿ ಅತ್ತದ್ದನ್ನು ನಂತರದ ಅಧ್ಯಯನಗಳು ದಾಖಲಿಸಿವೆ.

ಹೆಜ್ಜೆ 4: ಕಣ್ಣಿಗೆ ಕಾಣುವ ಒಂದು ಸಣ್ಣ ಕೆಲಸ ಮೊದಲು ಮುಗಿಸಿ

ದೊಡ್ಡ ಯೋಜನೆಗೆ ವರ್ಷಗಳು ಬೇಕು. ಜನರ ತಾಳ್ಮೆಗೆ ಅಷ್ಟು ಆಯಸ್ಸಿಲ್ಲ. ಬಾಸ್ಟನ್ನಿನದ್ದೇ ಇನ್ನೊಂದು ಬಡಾವಣೆ ಡಡ್ಲಿ ಸ್ಟ್ರೀಟ್. 1980ರ ದಶಕದಲ್ಲಿ ಅಲ್ಲಿ ಬೆಂಕಿಗೆ ಸುಟ್ಟ, ಮಾಲೀಕರು ಬಿಟ್ಟುಹೋದ ನಿವೇಶನಗಳು ನೂರಾರು ಸಂಖ್ಯೆಯಲ್ಲಿ ಪಾಳು ಬಿದ್ದಿದ್ದವು, ಹೊರಗಿನವರು ಲಾರಿಗಟ್ಟಲೆ ಕಸ ತಂದು ಸುರಿಯುತ್ತಿದ್ದರು. 1984ರಲ್ಲಿ ಹುಟ್ಟಿದ ನಿವಾಸಿಗಳ ಸಂಘಟನೆ ಮನೆ ಕಟ್ಟುವ ಮಾತಿನಿಂದ ಶುರುಮಾಡಲಿಲ್ಲ. ಮೊದಲ ಚಳವಳಿಯೇ ಕಸ ಸುರಿಯುವುದರ ವಿರುದ್ಧ. ನಿವೇಶನಗಳು ಸ್ವಚ್ಛವಾದವು, ಅಕ್ರಮ ಕಸದ ಕೇಂದ್ರಗಳು ಮುಚ್ಚಿದವು, ಒಟ್ಟಾಗಿ ಕೇಳಿದರೆ ಆಗುತ್ತದೆ ಎಂಬುದು ಜನರಿಗೆ ಕಣ್ಣಾರೆ ಕಂಡಿತು. ಅದರ ಬಲದ ಮೇಲೆ ಅವರು ಮುಂದೆ ಹೋದ ದೂರ ದೊಡ್ಡದು: ಪಾಳು ನಿವೇಶನಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ 1988ರಲ್ಲಿ ಆ ಸಂಘಟನೆಗೆ ವಹಿಸಿಕೊಡಲಾಯಿತು.

ಕೆಟ್ಟ ಬೀದಿದೀಪ, ಒಡೆದ ಮೋರಿಯ ಕಲ್ಲು, ಸೋರುವ ನಲ್ಲಿ. ಮೊದಲ ಓಡಾಟದಲ್ಲಿ ಕಂಡ ಇಂಥ ಒಂದನ್ನು ಎರಡನೆಯ ಸಭೆಯೊಳಗೆ ಸರಿಪಡಿಸಿ.

ಹೆಜ್ಜೆ 5: ಸಭೆ ನಡೆಸುವ ಬಗೆ

ವೇದಿಕೆ ಬೇಡ. ವೇದಿಕೆ ಹಾಕಿದ ಕೂಡಲೇ ಹೇಳುವವರು ಮೇಲೆ, ಕೇಳುವವರು ಕೆಳಗೆ ಎಂದಾಗಿಬಿಡುತ್ತದೆ. ಎಂಟು ಹತ್ತು ಮಂದಿಯ ಗುಂಪುಗಳಾಗಿ ಮೇಜಿನ ಸುತ್ತ ಕೂರಿಸಿ. ಪ್ರತಿ ಗುಂಪಿಗೂ ಮಾತು ಹಂಚಬಲ್ಲ ಒಬ್ಬರು, ಬರೆದುಕೊಳ್ಳುವ ಒಬ್ಬರು ಇರಲಿ. ಬರೆದದ್ದು ಎಲ್ಲರ ಕಣ್ಣಿಗೂ ಬೀಳುವಂತೆ ಗೋಡೆಯ ಮೇಲಿನ ದೊಡ್ಡ ಹಾಳೆಯಲ್ಲಿರಬೇಕು. ತನ್ನ ಮಾತು ಅಲ್ಲಿ ಮೂಡಿದ್ದನ್ನು ನೋಡಿದವರು ಅದನ್ನೇ ಮತ್ತೆ ಮತ್ತೆ ಕೂಗುವುದಿಲ್ಲ.

ಮಾತಿನಲ್ಲಿ ಹಿಂದೆ ಬೀಳುವವರಿಗೆ ಕೈಯಿಂದ ಮಾಡುವ ಕೆಲಸ ಕೊಡಿ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಟೋನಿ ಗಿಬ್ಸನ್ ರೂಪಿಸಿದ ವಿಧಾನವೊಂದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಬಡಾವಣೆಯ ಮಾದರಿಯನ್ನು ರಟ್ಟಿನಲ್ಲಿ ಮಾಡಿ ಮೇಜಿನ ಮೇಲಿಡುತ್ತಾರೆ, ಅದನ್ನು ಮಾಡುವುದರಲ್ಲಿ ನಿವಾಸಿಗಳೂ ಮಕ್ಕಳೂ ಕೈಜೋಡಿಸುತ್ತಾರೆ. ‘ಇಲ್ಲಿ ದೀಪ ಬೇಕು’, ‘ಇಲ್ಲಿ ಆಟದ ಜಾಗ’, ‘ಇಲ್ಲಿ ದಾಟಲು ಭಯ’ ಎಂದು ಬರೆದ ಚೀಟಿಗಳನ್ನು ಜನ ತಮಗೆ ಬೇಕೆನಿಸಿದಲ್ಲಿ ಇಡುತ್ತಾರೆ. ಯಾವ ಚೀಟಿ ಯಾರದೆಂದು ಗೊತ್ತಾಗುವುದಿಲ್ಲ, ಹೀಗಾಗಿ ದೊಡ್ಡ ಮನುಷ್ಯರಿಗೆ ಎದುರಾಡಿದಂತಾಗುವ ಮುಜುಗರವಿಲ್ಲ. ತಜ್ಞರು ಬದಿಯಲ್ಲಿ ನಿಂತಿರುತ್ತಾರೆ, ಕೇಳಿದರೆ ಮಾತ್ರ ಉತ್ತರಿಸುತ್ತಾರೆ. ಆಮೇಲೆ ಚೀಟಿಗಳನ್ನು ಈಗ ಆಗಬೇಕಾದದ್ದು, ಸ್ವಲ್ಪ ತಡವಾದರೂ ಆದೀತು, ಮುಂದೆ ನೋಡೋಣ ಎಂದು ಗುಂಪಿನವರೇ ವಿಂಗಡಿಸುತ್ತಾರೆ. ಭಿನ್ನಾಭಿಪ್ರಾಯ ಹೊರಬರುವುದು ಈ ವಿಂಗಡಣೆಯಲ್ಲಿ. ನಿಜವಾದ ಚರ್ಚೆ ಅಲ್ಲಿಂದ ಶುರುವಾಗುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ.

ಸಭೆ ಒಂದೇ ಹೊತ್ತಿನಲ್ಲಿ ಬೇಡ. ಒಮ್ಮೆ ರಜಾದಿನದ ಬೆಳಿಗ್ಗೆ, ಒಮ್ಮೆ ಸಂಜೆ, ಒಮ್ಮೆ ಶಾಲೆಯಲ್ಲಿ ಮಕ್ಕಳೊಂದಿಗೇ ಮಾಡಿ. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಬೇಕಾದ ಭಾಷೆಗೆ ದುಭಾಷಿ, ಮೆಟ್ಟಿಲಿಲ್ಲದ ಸ್ಥಳ, ದೊಡ್ಡ ಅಕ್ಷರದ ಕಾಗದ ಇವುಗಳ ಖರ್ಚನ್ನು ಯೋಜನೆಯ ಅಂದಾಜಿನಲ್ಲೇ ಸೇರಿಸಿ. ತಿಂಗಳುಗಟ್ಟಲೆ ಸಮಿತಿಯಲ್ಲಿ ದುಡಿಯುವ ನಿವಾಸಿಗಳಿಗೆ ಗೌರವಧನ ಕೊಡಬೇಕೆಂಬುದು ನನ್ನ ಗಟ್ಟಿ ನಿಲುವು. ಅದೇ ಸಭೆಗೆ ಸಲಹೆಗಾರರು ಶುಲ್ಕ ಪಡೆದು ಬಂದಿರುವಾಗ, ದಿನಗೂಲಿ ಬಿಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನ್ಯಾಯವಲ್ಲ. ಆನ್‌ಲೈನ್ ನಮೂನೆ, ವಾಟ್ಸಾಪ್ ಗುಂಪು ಇರಲಿ, ಆದರೆ ಅವು ಮುಖಾಮುಖಿ ಮಾತಿನ ಜಾಗಕ್ಕೆ ಬರಲಾರವು.

ಹೆಜ್ಜೆ 6: ಹಣದ ಲೆಕ್ಕ ಮೇಜಿನ ಮೇಲಿಡಿ

ಒಟ್ಟು ಎಷ್ಟಿದೆ, ಯಾವುದಕ್ಕೆ ಎಷ್ಟು ತಗಲುತ್ತದೆ ಎಂದು ಹೇಳದೆ ‘ನಿಮಗೇನು ಬೇಕು’ ಎಂದು ಕೇಳಿದರೆ ಆಸೆಗಳ ಪಟ್ಟಿ ಬೆಳೆಯುತ್ತದೆ, ಕೊನೆಗೆ ನಿರಾಸೆ ಉಳಿಯುತ್ತದೆ. ಲೆಕ್ಕ ಕೊಟ್ಟು ಕೇಳಿದರೆ ಜನ ಸಾಕಷ್ಟು ಹೊಣೆಯರಿತು ಆರಿಸುತ್ತಾರೆ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರ 1989ರಲ್ಲಿ ನಗರದ ಬಂಡವಾಳ ವೆಚ್ಚದ ಒಂದು ಭಾಗವನ್ನು ನಿವಾಸಿಗಳ ಸಭೆಗಳ ಮುಂದಿಟ್ಟಿತು. ಬಡಾವಣೆಗಳ ಸಭೆಗಳು ತಮ್ಮ ಆದ್ಯತೆ ಹೇಳಿ, ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಿದ್ದವು. ಜನಸಂಖ್ಯೆ ಹೆಚ್ಚಿದ್ದ, ಸೌಲಭ್ಯ ಕಡಿಮೆ ಇದ್ದ ಕಡೆಗೆ ಹಣದಲ್ಲಿ ಹೆಚ್ಚು ಪಾಲು ಹೋಗುವಂಥ ಸೂತ್ರವೂ ಇತ್ತು. ಮೊದಲ ವರ್ಷಗಳಲ್ಲಿ ಜನ ಕೇಳಿದ್ದು ರಸ್ತೆ, ಒಳಚರಂಡಿ, ನೀರು. ಆ ಪದ್ಧತಿ ಮುಂದೆ ಲೋಕದ ಸಾವಿರಾರು ಕಡೆ ಬಳಕೆಗೆ ಬಂತು.

ನಿಮ್ಮ ಯೋಜನೆ ಚಿಕ್ಕದಾದರೂ ಇದು ಸಾಧ್ಯ. ಒಟ್ಟು ಮೊತ್ತದಲ್ಲಿ ಒಂದು ಪಾಲನ್ನು ಪೂರ್ತಿಯಾಗಿ ನಿವಾಸಿಗಳ ಆಯ್ಕೆಗೆ ಬಿಡಿ.

ಹೆಜ್ಜೆ 7: ‘ನಮ್ಮನ್ನು ಎಬ್ಬಿಸುತ್ತೀರಾ?’ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಿ

ಪುನಶ್ಚೇತನದ ಮಾತು ಕಿವಿಗೆ ಬಿದ್ದ ಕ್ಷಣದಿಂದ ನಿವಾಸಿಗಳ ಮನಸ್ಸಿನಲ್ಲಿ ಈ ಒಂದೇ ಪ್ರಶ್ನೆ ಇರುತ್ತದೆ. ಉದ್ಯಾನದ ಬಗ್ಗೆ ಕೇಳಿದರೂ, ಬೆಂಚಿನ ಬಗ್ಗೆ ಕೇಳಿದರೂ ಅವರು ಯೋಚಿಸುತ್ತಿರುವುದು ಇದನ್ನೇ. ಆ ಭಯಕ್ಕೆ ಆಧಾರವಿದೆ. ಕಟ್ಟಡ ಕೆಡವದಿದ್ದರೂ ಬಡಾವಣೆ ಚೆನ್ನಾದ ಮೇಲೆ ಬಾಡಿಗೆ ಏರುತ್ತದೆ, ಸುಧಾರಣೆಗಾಗಿ ದುಡಿದವರೇ ಅಲ್ಲಿರಲಾಗದೆ ಹೊರಡಬೇಕಾಗುತ್ತದೆ. ಇದಕ್ಕೆ ಉತ್ತರವಿಲ್ಲದ ಪಾಲ್ಗೊಳ್ಳುವಿಕೆಯನ್ನು ನಾನು ಪಾಲ್ಗೊಳ್ಳುವಿಕೆ ಎನ್ನಲಾರೆ.

ಯಾರ ಮನೆ ಬೀಳುತ್ತದೆ, ಕೆಲಸ ನಡೆಯುವಾಗ ಅವರೆಲ್ಲಿರುತ್ತಾರೆ, ಆ ಅವಧಿಯ ಬಾಡಿಗೆ ಯಾರದು, ಹಿಂತಿರುಗುವ ಹಕ್ಕಿದೆಯೇ, ಹಿಂತಿರುಗಿದ ಮೇಲೆ ಬಾಡಿಗೆ ಎಷ್ಟು, ಬಾಡಿಗೆದಾರರಿಗೂ ಸಣ್ಣ ಅಂಗಡಿಯವರಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಇಷ್ಟಕ್ಕೂ ಸಹಿ ಮಾಡಿದ ಕಾಗದದಲ್ಲಿ ಉತ್ತರವಿರಬೇಕು, ಆ ಕಾಗದದ ಒಂದು ಪ್ರತಿ ಎಲ್ಲ ಮನೆಗಳಲ್ಲೂ ಇರಬೇಕು. ‘ಸೂಕ್ತ ವ್ಯವಸ್ಥೆ ಮಾಡಲಾಗುವುದು’ ಎಂಬ ವಾಕ್ಯವನ್ನು ಅದರಲ್ಲಿ ಬರೆಯಬೇಡಿ.

ಉಳಿಸಿಕೊಳ್ಳುವ ದಾರಿಗಳಿವೆ. ಒಂದು, ಭೂಮಿಯನ್ನು ಮಾರುಕಟ್ಟೆಯಿಂದ ಹೊರಗಿಡುವುದು. ಡಡ್ಲಿ ಸ್ಟ್ರೀಟಿನವರು ಸ್ವಾಧೀನಪಡಿಸಿಕೊಂಡ ನೆಲವನ್ನು ಸಮುದಾಯದ ಭೂ ಟ್ರಸ್ಟಿಗೆ ಸೇರಿಸಿದರು. ಮನೆ ಕೊಂಡವರಿಗೆ ಸೇರುತ್ತದೆ, ಅಡಿಯ ನೆಲ ಟ್ರಸ್ಟಿನದು. ಮಾರುವಾಗ ಬೆಲೆಗೆ ಮಿತಿಯಿರುತ್ತದೆ. ಲಂಡನ್ನಿನ ಕಾಯಿನ್ ಸ್ಟ್ರೀಟ್‌ನಲ್ಲಿ ಕಚೇರಿ ಕಟ್ಟಡಗಳ ಯೋಜನೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ನಿವಾಸಿಗಳು 1984ರಲ್ಲಿ ಥೇಮ್ಸ್ ದಂಡೆಯ ಸುಮಾರು 13 ಎಕರೆ ಭೂಮಿಯನ್ನು ತಾವೇ ಕಟ್ಟಿದ ಸಂಸ್ಥೆಯ ಹೆಸರಿಗೆ ಪಡೆದರು, ಅಲ್ಲಿ ಸಹಕಾರಿ ಮನೆಗಳನ್ನೂ ಉದ್ಯಾನವನ್ನೂ ಮಾಡಿದರು. ಇನ್ನೊಂದು ದಾರಿ, ಜನರನ್ನು ಇದ್ದಲ್ಲೇ ಇರಿಸುವುದು. ಚಿಲಿಯ ಇಕೀಕೆ ನಗರದ ಕಿಂತಾ ಮೊನ್ರೊಯ್‌ನಲ್ಲಿ ಸುಮಾರು 100 ಕುಟುಂಬಗಳು ನಗರದ ನಡುವಿನ ನೆಲದಲ್ಲಿ ದಶಕಗಳಿಂದ ನೆಲೆಸಿದ್ದವು. ಸಿಗುವ ಸಹಾಯಧನದಲ್ಲಿ ಪೂರ್ತಿ ಮನೆ ಕಟ್ಟಬೇಕೆಂದರೆ ಅಗ್ಗದ ನೆಲ ಹುಡುಕಿ ನಗರದಾಚೆಗೆ ಹೋಗಬೇಕಿತ್ತು. ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಅವರ ಎಲೆಮೆಂಟಲ್ ತಂಡ ಕುಟುಂಬಗಳೊಂದಿಗೆ ಕೂತು ಚರ್ಚಿಸಿ, ಅಡಿಪಾಯ, ಚಾವಣಿ, ಸ್ನಾನದ ಮನೆ, ಅಡುಗೆಮನೆಯಿರುವ ಅರ್ಧ ಮನೆಯನ್ನು ಅದೇ ಜಾಗದಲ್ಲಿ ಕಟ್ಟಿತು. ಉಳಿದರ್ಧವನ್ನು ಕುಟುಂಬಗಳು ತಮ್ಮ ಕೈಲಾದಂತೆ ಸೇರಿಸಿಕೊಂಡವು. ಎಲ್ಲ ಕಡೆಗೂ ಈ ಅರ್ಧ ಮನೆ ಸರಿಹೋಗುತ್ತದೆಂದು ಹೇಳಲಾರೆ. ದೂರದ ಪೂರ್ತಿ ಮನೆಗಿಂತ ಹತ್ತಿರದ ಅರ್ಧ ಮನೆ ಮೇಲೋ ಎಂಬ ಕಷ್ಟದ ಪ್ರಶ್ನೆಯನ್ನು ಜನರ ಮುಂದೆ ಅಡಗಿಸದೆ ಇಟ್ಟದ್ದು ನನಗೆ ಮುಖ್ಯವೆನಿಸುತ್ತದೆ.

ಹೆಜ್ಜೆ 8: ತೀರ್ಮಾನ ಯಾರದೆಂದು ನಿಯಮ ಬರೆಯಿರಿ

ಡಡ್ಲಿ ಸ್ಟ್ರೀಟಿನ ಆಡಳಿತ ಮಂಡಳಿಯ ಮೊದಲ ಕರಡಿನಲ್ಲಿ ನಿವಾಸಿಗಳಿಗಿದ್ದದ್ದು ಬೆರಳೆಣಿಕೆಯ ಸ್ಥಾನ. ಸಭೆಯಲ್ಲಿ ಜನ ಎದ್ದು ಪ್ರಶ್ನಿಸಿದ ಮೇಲೆ ನಿವಾಸಿಗಳಿಗೆ ಬಹುಮತ ಬರುವಂತೆ ಅದನ್ನು ತಿದ್ದಿದರು. ಅಲ್ಲಿದ್ದ ನಾಲ್ಕು ಜನಸಮುದಾಯಗಳಿಗೆ, ಸಂಖ್ಯೆ ಎಷ್ಟೇ ಇರಲಿ, ಸಮಾನ ಸ್ಥಾನಗಳನ್ನಿಟ್ಟರು. ಸಮಿತಿ ಕಟ್ಟುವಾಗ ಈ ಎರಡು ಸಂಗತಿ ನೆನಪಿಡಿ: ನಿವಾಸಿಗಳ ಬಹುಮತ, ಮತ್ತು ಆ ಬಹುಮತದೊಳಗೆ ಸಣ್ಣ ಗುಂಪುಗಳಿಗೆ ಖಚಿತ ಜಾಗ. ಬಾಡಿಗೆದಾರರಿಗೂ ಮತವಿರಲಿ. ಸದಸ್ಯತ್ವಕ್ಕೆ ಅವಧಿ ಗೊತ್ತುಮಾಡಿ, ಇಲ್ಲವಾದರೆ ನಾಲ್ಕು ಮಂದಿ ಖಾಯಂ ಮುಖಂಡರಾಗಿ ಉಳಿಯುತ್ತಾರೆ. ಯಾರಿಗೆ ಭೂಮಿ ಅಥವಾ ಗುತ್ತಿಗೆಯಲ್ಲಿ ಲಾಭವಿದೆಯೋ ಅವರು ಅದನ್ನು ಮೊದಲೇ ಬಾಯಿಬಿಟ್ಟು ಹೇಳಿ ಆ ವಿಷಯದ ಮತದಾನದಿಂದ ದೂರವಿರಬೇಕು.

ಮನೆಗಳನ್ನು ಕೆಡವುವಂಥ ದೊಡ್ಡ ತೀರ್ಮಾನ ಸಮಿತಿಗೂ ಸಾಲದು, ಎಲ್ಲ ನಿವಾಸಿಗಳ ಮತ ಬೇಕು. ಲಂಡನ್ ಮೇಯರ್ 2018ರಲ್ಲಿ ಇಂಥ ನಿಯಮ ತಂದರು: ಸಾಮಾಜಿಕ ವಸತಿಯನ್ನು (ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳನ್ನು) ಕೆಡವಿ 150 ಅಥವಾ ಹೆಚ್ಚು ಹೊಸ ಮನೆ ಕಟ್ಟುವ ಯೋಜನೆಗೆ ಮೇಯರ್ ಆಡಳಿತದ ಹಣ ಬೇಕಿದ್ದರೆ, ಮೊದಲು ಅಲ್ಲಿನ ನಿವಾಸಿಗಳ ಮತದಲ್ಲಿ ಗೆಲ್ಲಬೇಕು. ಸೋಲುವ ಸಾಧ್ಯತೆ ಇದ್ದಾಗ ಯೋಜಕರು ಜನರ ಮನೆ ಬಾಗಿಲಿಗೆ ಮೊದಲೇ ಹೋಗುತ್ತಾರೆ.

ಹೆಜ್ಜೆ 9: ಕೇಳಿದ್ದಕ್ಕೆಲ್ಲ ಉತ್ತರ ಕೊಡಿ, ‘ಆಗದು’ ಎಂಬುದಕ್ಕೂ

ಸಭೆ ಮುಗಿದ ಎರಡು ಮೂರು ವಾರದೊಳಗೆ ನಡಾವಳಿ ಹೊರಬರಬೇಕು. ಜನ ಕೇಳಿದ್ದು, ನಾವು ಮಾಡುವುದು, ಮಾಡಲಾಗದ್ದು ಮತ್ತು ಅದರ ಕಾರಣ, ಹೊಣೆ ಹೊತ್ತವರ ಹೆಸರು. ಆಗದು ಎಂಬುದನ್ನು ಕಾರಣಸಹಿತ ಹೇಳಿದರೆ ಜನ ಬೈಯಬಹುದು, ಆದರೆ ಮುಂದಿನ ಸಭೆಗೆ ಬರುತ್ತಾರೆ. ಉತ್ತರವೇ ಇಲ್ಲದಿದ್ದರೆ ಬರುವುದಿಲ್ಲ.

ಹೆಜ್ಜೆ 10: ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಟೆಂಡರ್ ಆದೊಡನೆ ನಿವಾಸಿಗಳನ್ನು ಮರೆಯುವುದು ವಾಡಿಕೆ. ಹಾಗಾಗದಿರಲಿ. ಕಾಮಗಾರಿಯ ವಿವರ, ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನಾಂಕವನ್ನು ಸ್ಥಳದಲ್ಲೇ ಫಲಕದಲ್ಲಿ ಬರೆಸಿ. ನಿವಾಸಿಗಳಲ್ಲಿ ಮೂರ್ನಾಲ್ಕು ಮಂದಿಗೆ ಅಂದಾಜುಪಟ್ಟಿ ಓದಲು, ಕಾಂಕ್ರೀಟಿನ ಪ್ರಮಾಣ ನೋಡಲು ಕಲಿಸಿ, ಹಂತಹಂತದ ಬಿಲ್ಲಿಗೆ ಮೊದಲು ಅವರ ವರದಿ ಕಡ್ಡಾಯ ಮಾಡಿ.

ಜನ ಎಷ್ಟರಮಟ್ಟಿಗೆ ಹೊಣೆ ಹೊರಬಲ್ಲರು ಎಂಬ ಅನುಮಾನ ಇರುವವರು ಪಾಕಿಸ್ತಾನದ ಕರಾಚಿಯ ಒರಂಗಿ ಎಂಬ ಬಡವರ ಬಡಾವಣೆಯತ್ತ ನೋಡಬೇಕು. 1980ರಲ್ಲಿ ಸಮಾಜ ಸೇವಕ ಅಖ್ತರ್ ಹಮೀದ್ ಖಾನ್ ಅಲ್ಲಿ ಕೆಲಸ ಆರಂಭಿಸಿದಾಗ ಒಳಚರಂಡಿಯೇ ಇರಲಿಲ್ಲ. 20-30 ಮನೆಗಳ ಓಣಿಯನ್ನು ಒಂದು ಘಟಕವೆಂದು ಇಟ್ಟುಕೊಂಡರು. ಓಣಿಯವರೇ ಒಬ್ಬರನ್ನು ಮುಂದಾಳಾಗಿ ಆರಿಸಿ, ಹಣ ಕೂಡಿಸಿ, ಕೆಲಸ ಮಾಡಿಸಿದರು. ಯೋಜನೆಯ ತಂಡ ಅಳತೆ, ನಕ್ಷೆ, ಸಲಕರಣೆ, ತಾಂತ್ರಿಕ ಸಲಹೆ ಕೊಟ್ಟಿತು. ಮನೆಯ ಶೌಚಾಲಯ, ಓಣಿಯ ಕೊಳವೆ ಜನರದ್ದು. ಮುಖ್ಯ ಕೊಳವೆ ಮತ್ತು ಶುದ್ಧೀಕರಣ ಆಡಳಿತದ್ದು. ವಿನ್ಯಾಸ ಸರಳವಾದದ್ದರಿಂದ, ಗುತ್ತಿಗೆದಾರರಿಗೆ ಹೋಗಬೇಕಿದ್ದ ಲಾಭ ಉಳಿತಾಯವಾದದ್ದರಿಂದ ಖರ್ಚು ಬಹಳ ಇಳಿಯಿತು. ಇದನ್ನು ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಜನ ಮಾಡಿಕೊಳ್ಳುತ್ತಾರಲ್ಲ ಎಂದು ಆಡಳಿತ ತನ್ನ ಪಾಲಿನ ಹೊಣೆಯಿಂದ ಜಾರಿಕೊಳ್ಳಲು ಇದು ನೆಪವಾಗಬಾರದು. ಯಾರ ಪಾಲು ಎಲ್ಲಿಗೆ ಮುಗಿಯುತ್ತದೆ ಎಂಬ ಗೆರೆಯನ್ನು ಮೊದಲೇ ಎಳೆಯಿರಿ.

ಉದ್ಘಾಟನೆಯಾಗಿ ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ಅದೇ ನಿವಾಸಿಗಳ ಜೊತೆ ಅದೇ ದಾರಿಯಲ್ಲಿ ಮತ್ತೆ ನಡೆಯಿರಿ. ಈ ಓಡಾಟದ ಖರ್ಚು ಮೊದಲ ಅಂದಾಜಿನಲ್ಲೇ ಇರಬೇಕು, ಇಲ್ಲವಾದರೆ ಅದು ನಡೆಯುವುದಿಲ್ಲ. ಬಾಡಿಗೆ ಎಷ್ಟು ಏರಿದೆ, ಎಣಿಕೆಯಲ್ಲಿದ್ದ ಮನೆಗಳಲ್ಲಿ ಎಷ್ಟು ಮಂದಿ ಇನ್ನೂ ಅಲ್ಲೇ ಇದ್ದಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ, ದೀಪ, ಮೋರಿಯ ಸ್ಥಿತಿಯನ್ನು ಆಮೇಲೆ.